ನೆಲಮಾಳಿಗೆಯೋ, ಒಡ್ಡೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಮೂವತ್ತು ವರ್ಷಗಳಿಂದ ಒಂದು ಕಾರ್ಖಾನೆ ನಡೆಸಿಕೊಂಡು ಬಂದವನು. ದುಡಿಮೆ ಕೈಹಿಡಿಯಿತು, ಮಕ್ಕಳು ಮೊಮ್ಮಕ್ಕಳಿಗೆ ಸಾಕಾಗಿ ಮಿಗುವಷ್ಟು ಆಸ್ತಿಯೂ ಆಗಿದೆ. ಈಚೆಗೆ ನನ್ನ ಸರೀಕರು ಸೇರಿದಲ್ಲೆಲ್ಲ ಒಂದೇ ಮಾತು. ಹವಾಮಾನ ಕೆಡುತ್ತಿದೆ, ಯುದ್ಧಗಳು ಹೆಚ್ಚುತ್ತಿವೆ, ಇನ್ನೊಂದು ಮಹಾಮಾರಿ ಬರಬಹುದು, ಜನರ ಸಿಟ್ಟು ಏರುತ್ತಿದೆ. ಇದೆಲ್ಲ ಒಟ್ಟಿಗೆ ಕುಸಿಯುವ ಮುನ್ನ ಅವರವರ ಕುಟುಂಬವನ್ನು ಅವರವರು ಉಳಿಸಿಕೊಳ್ಳಬೇಕು ಎನ್ನುತ್ತಾರೆ. ಒಬ್ಬರು ದೂರದ ದ್ವೀಪರಾಷ್ಟ್ರದಲ್ಲಿ ಜಮೀನು ಕೊಂಡಿದ್ದಾರೆ. ಮತ್ತೊಬ್ಬರು ಹಣ ಹೂಡಿ ಎರಡನೆಯ ಪಾಸ್‌ಪೋರ್ಟ್ ಪಡೆದಿದ್ದಾರೆ. ನನ್ನ ಬಳಿಗೆ ಭೂಗತ ಬಂಕರ್ ಕಟ್ಟಿಕೊಡುವ ಸಂಸ್ಥೆಯವರು ನಕ್ಷೆ ಹಿಡಿದು ಬಂದಿದ್ದರು. ನಮ್ಮ ಕುಟುಂಬಕ್ಕೆ ಆರು ಕೋಣೆ, ನೀರಿನ ತೊಟ್ಟಿ, ಗಾಳಿ ಶೋಧಿಸುವ ಯಂತ್ರ, ಒಂದು ವರ್ಷದ ಉಗ್ರಾಣ, ಬಾಗಿಲ ಪಕ್ಕದಲ್ಲಿ ಕಾವಲಿನವರಿಗೆ ನಾಲ್ಕು ಹಾಸಿಗೆಗಳ ಒಂದು ಕೋಣೆ. ಆ ನಾಲ್ವರ ಹೆಂಡಿರು ಮಕ್ಕಳು ಎಲ್ಲಿರುತ್ತಾರೆ ಎಂದು ಕೇಳಿದೆ. ಅದನ್ನು ಆಮೇಲೆ ತೀರ್ಮಾನಿಸೋಣ ಎಂದರು. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ನನ್ನಂಥವರು ಕುಸಿತಕ್ಕೆ ಸಿದ್ಧರಾಗಬೇಕೇ, ಅಥವಾ ಕುಸಿತವನ್ನು ತಡೆಯುವುದಕ್ಕೆ ಹಣವನ್ನೂ ಹೊತ್ತನ್ನೂ ಕೊಡಬೇಕೇ? ಎರಡನ್ನೂ ಮಾಡಬಹುದು ಎಂದು ಹೇಳಿ ಜಾರಿಕೊಳ್ಳಬೇಡಿ.
(ಹೆಸರು ಪ್ರಕಟಿಸಬಾರದೆಂದು ಕೋರಿರುವ ಓದುಗರು)

ಉತ್ತರ: ತಡೆಯುವುದಕ್ಕೆ ಕೊಡಿ. ಜಾರಿಕೊಳ್ಳಬೇಡಿ ಎಂದು ನೀವು ಕೇಳಿದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣಗಳನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ನಿಮ್ಮ ಸರೀಕರ ಭಯಕ್ಕೆ ಆಧಾರವಿದೆ ಮತ್ತು ಅದನ್ನು ಹಗುರವಾಗಿ ತಳ್ಳಿಹಾಕುವುದು ಅವರಿಗೂ ನಿಮಗೂ ನ್ಯಾಯ ಮಾಡಿದಂತಾಗುವುದಿಲ್ಲ.

ನಕ್ಷೆಯ ಮುಂದೆ ಕೂತು ನೀವು ಕೇಳಿದಿರಲ್ಲ, ಆ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಕಾವಲಿನವನು ಸಂಬಳಕ್ಕಾಗಿ ನಿಂತಿರುತ್ತಾನೆ. ಆ ಸಂಬಳಕ್ಕೆ ಬೆಲೆ ಬರುವುದು ನೋಟು ಕೊಟ್ಟರೆ ಅಂಗಡಿಯವನು ಸಾಮಾನು ಕೊಡುತ್ತಾನೆ, ಬ್ಯಾಂಕಿನಲ್ಲಿಟ್ಟ ಹಣ ನಾಳೆಯೂ ಇರುತ್ತದೆ, ಧಣಿ ಮಾತಿಗೆ ತಪ್ಪಿದರೆ ಕೇಳುವುದಕ್ಕೆ ನ್ಯಾಯಾಲಯವಿದೆ ಎಂಬ ಮೂರು ನಂಬಿಕೆಗಳಿಂದ. ಬಂಕರಿನ ಬಾಗಿಲು ಮುಚ್ಚಬೇಕಾಗಿ ಬರುವ ದಿನ ಎಂದರೆ ಈ ಮೂರೂ ಇಲ್ಲವಾದ ದಿನ. ಆ ದಿನ ಬಾಗಿಲ ಒಳಗೆ ಒಂದು ವರ್ಷದ ಅನ್ನ ಇಟ್ಟುಕೊಂಡ ಒಂದು ಕುಟುಂಬ ಇರುತ್ತದೆ, ಬಾಗಿಲಲ್ಲಿ ಕೋವಿ ಹಿಡಿದ ನಾಲ್ವರು ಇರುತ್ತಾರೆ, ಬಾಗಿಲ ಹೊರಗೆ ಆ ನಾಲ್ವರ ಮಕ್ಕಳು ಇರುತ್ತಾರೆ. ಕೋವಿ ಹಿಡಿದವರು ಯಾರ ಕಡೆ ತಿರುಗುತ್ತಾರೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ತಂದೆಯಾದವನು ಹಾಗೆ ತಿರುಗಿದರೆ ತಪ್ಪೆನ್ನಲೂ ಆಗದು. ಹಾಗಾದರೆ ಅವರ ಕುಟುಂಬಗಳಿಗೂ ಒಳಗೆ ಜಾಗ ಕೊಡೋಣ ಎಂದು ನೀವು ಹೇಳಬಹುದು. ಕೊಟ್ಟ ಮೇಲೆ ಆ ಹೆಂಡತಿಯ ತಾಯಿ, ಆ ಮಗುವಿಗೆ ಮದ್ದು ಕೊಡುವ ವೈದ್ಯೆ, ಗಾಳಿಯ ಯಂತ್ರ ಕೆಟ್ಟರೆ ಬಿಚ್ಚಬಲ್ಲ ಮೆಕ್ಯಾನಿಕ್, ಅವನ ತಮ್ಮ, ಹೀಗೆ ಒಬ್ಬೊಬ್ಬರನ್ನೇ ಸೇರಿಸುತ್ತ ಹೋದರೆ ನಕ್ಷೆಯ ಗೋಡೆಗಳು ಹೊರಕ್ಕೆ ಸರಿಯುತ್ತ ಸರಿಯುತ್ತ ಕೊನೆಗೆ ಈಗಿರುವ ಊರಿನ ಎಲ್ಲೆಗೇ ಬಂದು ನಿಲ್ಲುತ್ತವೆ. ನಿಮ್ಮ ನಿದ್ದೆ ಕೆಟ್ಟದ್ದು ಇದಕ್ಕೇ ಎಂದು ನನಗೆ ಅನಿಸುತ್ತದೆ.

ಹೊರಗಿನವರ ಹಂಗಿಲ್ಲದೆ ಬದುಕುವುದು ಹಣಕ್ಕೆ ಸಿಗುವ ವಸ್ತುವೇ ಎಂಬುದನ್ನು ಒಮ್ಮೆ ನಿಜವಾಗಿಯೂ ಪರೀಕ್ಷಿಸಿ ನೋಡಲಾಗಿದೆ. ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್ 2 ಎಂಬ ದೊಡ್ಡ ಗಾಜಿನ ಕಟ್ಟಡವಿದೆ. ತೈಲದಿಂದ ಸಿರಿವಂತವಾದ ಮನೆತನದ ಎಡ್ ಬಾಸ್ ಅವರ ಹಣದಿಂದ, ಸುಮಾರು 15 ಕೋಟಿ ಡಾಲರ್ ವೆಚ್ಚದಲ್ಲಿ, ಮೂರು ಎಕರೆಗೂ ಮಿಕ್ಕಿದ ನೆಲದ ಮೇಲೆ ಕಟ್ಟಿದ ಆ ಮುಚ್ಚಿದ ಲೋಕದಲ್ಲಿ ಪುಟ್ಟ ಮಳೆಕಾಡು, ಪುಟ್ಟ ಸಮುದ್ರ, ಉಳುವ ಹೊಲ ಎಲ್ಲವೂ ಇದ್ದವು. 1991ರ ಸೆಪ್ಟೆಂಬರ್ 26ರಂದು ಎಂಟು ಮಂದಿ ಒಳಹೊಕ್ಕು ಎರಡು ವರ್ಷಕ್ಕೆಂದು ಬಾಗಿಲು ಮುಚ್ಚಿಕೊಂಡರು. ಗಾಳಿಯಲ್ಲಿ ಶೇ 21ರಷ್ಟಿರಬೇಕಾದ ಆಮ್ಲಜನಕ ತಿಂಗಳಿಂದ ತಿಂಗಳಿಗೆ ಇಳಿಯುತ್ತ ಹದಿನಾರು ತಿಂಗಳಲ್ಲಿ ಸುಮಾರು ಶೇ 14ಕ್ಕೆ ಬಂತು. ಒಳಗಿದ್ದವರು ಸಣ್ಣ ಕೆಲಸಕ್ಕೂ ಏದುಸಿರು ಬಿಡುವಂತಾಯಿತು. ಆಮ್ಲಜನಕ ಎಲ್ಲಿ ಹೋಯಿತೆಂದು ಹುಡುಕಿದಾಗ ತಿಳಿದದ್ದು ಇಷ್ಟು: ಬೆಳೆ ಚೆನ್ನಾಗಿ ಬರಲೆಂದು ತುಂಬಿದ್ದ ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತಿದ್ದವು, ಆ ಅನಿಲವನ್ನು ಕಟ್ಟಡದ ಕಾಂಕ್ರೀಟ್ ಸದ್ದಿಲ್ಲದೆ ಹೀರಿಕೊಳ್ಳುತ್ತಿತ್ತು. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತಂದು ತುಂಬಬೇಕಾಯಿತು. ಪರಾಗಸ್ಪರ್ಶ ಮಾಡುವ ಕೀಟಗಳು ಬಹುಪಾಲು ಸತ್ತವು, ಇರುವೆಗಳು ಹೆಚ್ಚಿದವು. ಎಂಟು ಜನ ತಲಾ ನಾಲ್ವರ ಎರಡು ಬಣಗಳಾಗಿ ಒಡೆದರು.

ಬಂಕರು ಹೊರಗಿನ ಗಾಳಿಯನ್ನೇ ಶೋಧಿಸಿ ಒಳಗೆ ತೆಗೆದುಕೊಳ್ಳುವುದರಿಂದ ಆಮ್ಲಜನಕದ ತೊಂದರೆ ಅಲ್ಲಿ ಬಾರದು, ನಿಜ. ನಾನು ಈ ಪ್ರಸಂಗವನ್ನು ಹೇಳಿದ್ದು ಬೇರೆ ಕಾರಣಕ್ಕೆ. ಬೇಕಾದಷ್ಟು ಹಣ, ವರ್ಷಗಟ್ಟಲೆ ತಯಾರಿ, ಹೊರಗೆ ಕರೆದರೆ ಓಡಿಬರುವ ವಿಜ್ಞಾನಿಗಳು, ಶಾಂತಿಯಿಂದಿದ್ದ ದೇಶ, ಇವೆಲ್ಲ ಇದ್ದೂ ಎಂಟೇ ಜನರನ್ನು ಎರಡು ವರ್ಷ ಬೇರೆಯಾಗಿ ಉಳಿಸುವುದು ಆಗಲಿಲ್ಲ. ಕೆಟ್ಟದ್ದು ಯಾರೂ ಎಣಿಸದೇ ಇದ್ದ ಕಡೆಯಲ್ಲಿ ಕೆಟ್ಟಿತು. ಬಂಕರಿನಲ್ಲಿಯೂ ಶೋಧಕ ಪದರಗಳನ್ನು ಆಗಾಗ ಬದಲಿಸಬೇಕು, ಡೀಸೆಲ್ ಒಂದೆರಡು ವರ್ಷದಲ್ಲಿ ಹಳಸಿ ಕಸರು ಕಟ್ಟುತ್ತದೆ, ಬ್ಯಾಟರಿ ಸಾಯುತ್ತದೆ, ಔಷಧದ ಅವಧಿ ಮುಗಿಯುತ್ತದೆ, ಹಲ್ಲು ನೋಯುತ್ತದೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಹೊರಗೆ ಯಾರೋ ಒಬ್ಬರು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿರಬೇಕು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ನಮ್ಮ ಹಿರಿಯರು ಹೇಳಿದ ಮಾತನ್ನು ನಾವು ಸೋಮಾರಿಗಳಿಗೆ ಅನ್ವಯಿಸುತ್ತೇವೆ. ಅದು ಉಗ್ರಾಣ ತುಂಬಿಸಿ ಬಾಗಿಲು ಹಾಕಿಕೊಳ್ಳುವವರಿಗೂ ಅಷ್ಟೇ ಸರಿಯಾಗಿ ಸಲ್ಲುತ್ತದೆ.

ದೂರದ ದ್ವೀಪದ ಜಮೀನಿನ ವಿಷಯ. ಈ ಬಗೆಯ ಆಲೋಚನೆಗೆ ಹೆಚ್ಚು ಹೆಸರಾದ ದೇಶ ನ್ಯೂಜಿಲೆಂಡ್. ಸಿಲಿಕಾನ್ ಕಣಿವೆಯ ಹೂಡಿಕೆದಾರ ಪೀಟರ್ ಥೀಲ್ ಅವರಿಗೆ ಅಲ್ಲಿನ ಸರ್ಕಾರ 2011ರಲ್ಲಿ ಪೌರತ್ವ ಕೊಟ್ಟಿತು. ಅವರು ಅಲ್ಲಿ ಇದ್ದದ್ದು ಕೇವಲ 12 ದಿನ ಎಂಬುದು 2017ರಲ್ಲಿ ಬಯಲಾದಾಗ ಜನರಿಗೆ ಸಹಜವಾಗಿಯೇ ಸಿಟ್ಟು ಬಂತು. 2018ರಲ್ಲಿ ಆ ದೇಶ ಹೊರಗಿನವರು ಮನೆ ಕೊಳ್ಳುವುದನ್ನು ಬಹುಮಟ್ಟಿಗೆ ನಿರ್ಬಂಧಿಸುವ ಕಾನೂನು ತಂದಿತು. 2020ರ ಮಾರ್ಚ್ 19ರಂದು, ಕೊರೋನಾ ಕಾಲದಲ್ಲಿ, ತನ್ನ ಪೌರರೂ ನಿವಾಸಿಗಳೂ ಅಲ್ಲದವರಿಗೆ ಗಡಿಯನ್ನೇ ಮುಚ್ಚಿತು. ಥೀಲ್ ಅವರು ವನಾಕಾ ಸರೋವರದ ಬಳಿ ಕಟ್ಟಿಸಬೇಕೆಂದಿದ್ದ ವಿಶಾಲವಾದ ವಸತಿಗೆ ಸ್ಥಳೀಯ ಆಡಳಿತ 2022ರಲ್ಲಿ ಅನುಮತಿ ನಿರಾಕರಿಸಿತು. ಇದರಲ್ಲಿ ನ್ಯೂಜಿಲೆಂಡಿನ ತಪ್ಪೇನೂ ನನಗೆ ಕಾಣುವುದಿಲ್ಲ. ಕಷ್ಟಕಾಲಕ್ಕೆ ಬಂದು ಸೇರಲು ಯೋಗ್ಯವೆನಿಸುವ ದೇಶವೊಂದು ಹಾಗೆ ಆಗಿರುವುದು ಅಲ್ಲಿನ ಜನ ತಮ್ಮ ಊರಿನ ಬಗ್ಗೆ ಕಾಳಜಿ ಇಟ್ಟುಕೊಂಡಿರುವುದರಿಂದ, ಮತ್ತು ಆ ಕಾಳಜಿಯೇ ಕಷ್ಟಕಾಲದಲ್ಲಿ ಮೊದಲು ತಮ್ಮವರಿಗೆ ಬಾಗಿಲು ತೆರೆಯುತ್ತದೆ.

ಇಷ್ಟರವರೆಗೆ ಹೇಳಿದ್ದು ಬಂಕರು ಕೆಲಸಕ್ಕೆ ಬಾರದು ಎಂಬ ಮಾತು. ನನ್ನನ್ನು ಅದಕ್ಕಿಂತ ಹೆಚ್ಚು ಕಾಡುವುದು ಬೇರೊಂದು. ಹಿತ್ತಿಲ ಬಾಗಿಲು ಇಟ್ಟುಕೊಂಡವನು ಮುಂಬಾಗಿಲಿನ ದುರಸ್ತಿಯಲ್ಲಿ ಆಸಕ್ತಿ ಕಳೆದುಕೊಳ್ಳುತ್ತಾನೆ. ಸಿರಿವಂತರ ಕೈಯಲ್ಲಿ ಹಣ ಮಾತ್ರ ಇಲ್ಲ, ಮಾತು ನಡೆಯುವ ಶಕ್ತಿಯೂ ಇದೆ; ನೀರು, ಆಸ್ಪತ್ರೆ, ಶಾಲೆ, ತೆರಿಗೆ ಮುಂತಾದ ತೀರ್ಮಾನಗಳು ಆಗುವ ಕೋಣೆಗಳಲ್ಲಿ ಅವರಿಗೆ ಕುರ್ಚಿ ಇದೆ. ಅವರು ಓಡಿಹೋಗಬಲ್ಲೆವೆಂದು ನಂಬಿದ ಕ್ಷಣದಿಂದ ಆ ಕುರ್ಚಿಯಲ್ಲಿ ಕುಳಿತವರು ನಿಧಾನಿಸತೊಡಗುತ್ತಾರೆ.

ಇದು ನಡೆದ ಊರೊಂದನ್ನು ಹತ್ತಿರದಿಂದ ನೋಡೋಣ. 1892ರ ಆಗಸ್ಟ್‌ನಲ್ಲಿ ಜರ್ಮನಿಯ ಬಂದರು ನಗರ ಹ್ಯಾಂಬರ್ಗ್‌ನಲ್ಲಿ ಕಾಲರಾ ಎದ್ದಿತು. ಆರೇಳು ವಾರಗಳಲ್ಲಿ 8,000ಕ್ಕೂ ಹೆಚ್ಚು ಜನ ಸತ್ತರು. ಆ ನಗರಕ್ಕೆ ಅಂಟಿಕೊಂಡೇ ಆಲ್ಟೋನಾ ಎಂಬ ಇನ್ನೊಂದು ಪಟ್ಟಣವಿತ್ತು. ಎರಡಕ್ಕೂ ಎಲ್ಬೆ ನದಿಯದೇ ನೀರು. ಹ್ಯಾಂಬರ್ಗಿನ ಕೊಳಚೆ ಸೇರಿದ ನಂತರದ ನೀರನ್ನು ಎತ್ತಿಕೊಳ್ಳುತ್ತಿದ್ದುದರಿಂದ ಆಲ್ಟೋನಾದ ಪಾಲಿಗೆ ಬರುತ್ತಿದ್ದುದು ಇನ್ನೂ ಹೊಲಸು. ಆದರೆ ಆಲ್ಟೋನಾ ಆ ನೀರನ್ನು ಮರಳಿನ ಪದರಗಳ ಮೂಲಕ ಸೋಸಿ ಕೊಡುತ್ತಿತ್ತು, ಹ್ಯಾಂಬರ್ಗ್ ಸೋಸುತ್ತಿರಲಿಲ್ಲ. ಎರಡು ಊರುಗಳ ಗಡಿ ಹಾದುಹೋಗುವ ಬೀದಿಯಲ್ಲಿ ಒಂದು ಬದಿಯ ಮನೆಗಳಲ್ಲಿ ಕಾಲರಾ, ಎದುರು ಬದಿಯ ಮನೆಗಳಲ್ಲಿ ಬಹುತೇಕ ಇಲ್ಲ. ಅದೇ ಗಾಳಿ, ಅದೇ ಮಣ್ಣು, ಅದೇ ಬಗೆಯ ಬಡವರು. ಕೊಳಾಯಿ ಮಾತ್ರ ಬೇರೆ. ಹ್ಯಾಂಬರ್ಗಿಗೆ ಹಣವಿರಲಿಲ್ಲವೇ ಎಂದರೆ, ಅದು ಆ ದೇಶದ ಅತಿ ಶ್ರೀಮಂತ ವರ್ತಕರ ನಗರ. ಅಲ್ಲಿನ ಸಭೆಯಲ್ಲಿ ಆಸ್ತಿವಂತರ ಮಾತೇ ನಡೆಯುತ್ತಿತ್ತು. ಸೋಸುವ ಘಟಕದ ಖರ್ಚನ್ನು ಯಾರು ಹೊರಬೇಕು ಎಂಬ ವಾದದಲ್ಲಿ ಅವರು ವರ್ಷಗಳನ್ನು ಕಳೆದಿದ್ದರು. ಕೊನೆಗೂ ಒಪ್ಪಿಕೊಂಡು ಕಟ್ಟಲು ತೊಡಗಿದ್ದ ಘಟಕ ಕೆಲಸ ಆರಂಭಿಸಿದ್ದು 1893ರಲ್ಲಿ, ಸತ್ತವರನ್ನು ಹೂಳಿದ ಮೇಲೆ. ರೋಗ ಬಂದಾಗ ಊರು ಬಿಡಲು ಶಕ್ತಿಯಿದ್ದವರು ರೈಲು ಹತ್ತಿ ಹೋದರು. ಅವರ ಬಂದರು, ಅವರ ಹಡಗು, ಅವರ ವ್ಯಾಪಾರ ಊರಿನಲ್ಲಿಯೇ ಉಳಿದು ನಿಂತುಹೋದವು.

ನಿಮ್ಮ ಸರೀಕರು ನಿಮಗೆ ಹೇಳಬಹುದಾದ ಅತ್ಯಂತ ಗಟ್ಟಿಯಾದ ಮಾತು ಇದು: ನಾನೊಬ್ಬ ಹಣ ಸುರಿದ ಮಾತ್ರಕ್ಕೆ ಪ್ರಪಂಚದ ಕುಸಿತ ನಿಲ್ಲುವುದಿಲ್ಲ, ಆದರೆ ಅದೇ ಹಣಕ್ಕೆ ನನ್ನ ಮನೆಯವರಾದರೂ ಉಳಿಯುತ್ತಾರೆ. ಈ ವಾದದಲ್ಲಿ ಎರಡನೆಯ ಭಾಗ ಎಷ್ಟು ಅನಿಶ್ಚಿತ ಎಂಬುದನ್ನು ಮೇಲೆ ಹೇಳಿದ್ದೇನೆ. ಮೊದಲ ಭಾಗವೂ ಸರಿಯಿಲ್ಲ, ಏಕೆಂದರೆ ಅದು ಕುಸಿತವನ್ನು ಸಿಡಿಲಿನಂತೆ ಒಂದೇ ಕ್ಷಣದಲ್ಲಿ ಎರಗುವ ಸಂಗತಿ ಎಂದು ಎಣಿಸುತ್ತದೆ. ನಿಜದಲ್ಲಿ ಕುಸಿತ ಚೂರು ಚೂರಾಗಿ ಬರುತ್ತದೆ. ನೀರಿನ ಪಂಪು ನಡೆಸುವವನಿಗೆ ಮೂರು ತಿಂಗಳು ಸಂಬಳ ಬರುವುದಿಲ್ಲ, ವಿದ್ಯುತ್ ಕೇಂದ್ರದಲ್ಲಿ ಬದಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಲಸಿಕೆ ಹಾಕುವವಳ ಹುದ್ದೆ ಖಾಲಿ ಬಿದ್ದಿರುತ್ತದೆ, ದೂರು ಕೇಳುವ ಕಚೇರಿಗೆ ಜನ ಹೋಗುವುದನ್ನೇ ಬಿಡುತ್ತಾರೆ. ಇವುಗಳಲ್ಲಿ ಪ್ರತಿಯೊಂದು ಚೂರಿಗೂ ತಿಳಿದಿರುವ ಖರ್ಚು ಇದೆ ಮತ್ತು ಬಹಳ ಸಲ ಅದು ಊಹಿಸಿದ್ದಕ್ಕಿಂತ ಕಡಿಮೆ. ಮನುಷ್ಯಕುಲವನ್ನು ಸಾವಿರಾರು ವರ್ಷ ಕಾಡಿದ ಸಿಡುಬನ್ನು ನಿರ್ಮೂಲ ಮಾಡುವ ತೀವ್ರ ಅಭಿಯಾನ 1967ರಲ್ಲಿ ಆರಂಭವಾಯಿತು; ಸಹಜವಾಗಿ ತಗುಲಿದ ಕೊನೆಯ ಪ್ರಕರಣ 1977ರಲ್ಲಿ ಸೊಮಾಲಿಯಾದಲ್ಲಿ ಕಂಡಿತು. ಎಲ್ಲ ದೇಶಗಳೂ ಸೇರಿ ಮಾಡಿದ ಒಟ್ಟು ವೆಚ್ಚ ಸುಮಾರು 30 ಕೋಟಿ ಡಾಲರ್. ಬೇರೆ ಬೇರೆ ಕಾಲದ ಡಾಲರುಗಳನ್ನು ನೇರವಾಗಿ ಹೋಲಿಸಬಾರದು ಎಂಬುದು ನನಗೆ ಗೊತ್ತಿದೆ, ಆದರೂ ಎಂಟು ಜನರ ಗಾಜಿನ ಮನೆಯ ಖರ್ಚು ಕಣ್ಣ ಮುಂದೆ ಬಂದೇ ಬರುತ್ತದೆ.

ಸಿದ್ಧತೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಸ್ವಿಟ್ಜರ್ಲೆಂಡ್ 1960ರ ದಶಕದಲ್ಲಿಯೇ ಕಾನೂನು ಮಾಡಿ, ತನ್ನ ಎಲ್ಲ ನಿವಾಸಿಗಳಿಗೂ ಸಾಕಾಗುವಷ್ಟು ಆಶ್ರಯ ತಾಣಗಳನ್ನು ನೆಲದಡಿಯಲ್ಲಿ ಕಟ್ಟಿಕೊಂಡಿದೆ. ಫಿನ್ಲೆಂಡಿನಲ್ಲಿ ಅಂಥ ಸುಮಾರು 50,000 ತಾಣಗಳಿವೆ. ದೇಶದ ಬಹುಪಾಲು ಜನರಿಗೆ ಅವುಗಳಲ್ಲಿ ಜಾಗವಿದೆ. ಅಲ್ಲಿಯೂ ಕಾಂಕ್ರೀಟ್ ಗೋಡೆ, ಅಲ್ಲಿಯೂ ಗಾಳಿ ಶೋಧಕ. ಆದರೆ ಕಾವಲಿನವನ ಮಕ್ಕಳು ಎಲ್ಲಿರುತ್ತಾರೆ ಎಂಬ ಪ್ರಶ್ನೆಗೆ ಅಲ್ಲಿನ ನಕ್ಷೆಯಲ್ಲಿ ಉತ್ತರವಿದೆ. ಹಾಗಾಗಿ ನೀವು ನಿಮ್ಮ ಮನೆಯವರಿಗೆಂದು ಒಂದೆರಡು ವಾರದ ನೀರು, ಆಹಾರ, ಔಷಧ ಇಟ್ಟುಕೊಂಡರೆ ಅದು ಗೃಹಸ್ಥನ ಜವಾಬ್ದಾರಿ; ಅದರಾಚೆಯ ಸಿದ್ಧತೆಗೆ ಹಣ ಹಾಕುವುದಾದರೆ ನೆರೆಯವರಿಗೂ ಬಾಗಿಲು ತೆರೆಯುವಂಥದಕ್ಕೆ ಹಾಕಿ.

ಇನ್ನು ನೀವೇನು ಮಾಡಬಹುದು? ಉತ್ತರ ಸಮುದ್ರದ ದಂಡೆಯ ತಗ್ಗು ಪ್ರದೇಶಗಳಲ್ಲಿ, ಕಡಲಿಗೆ ಅಡ್ಡವಾಗಿ ಒಡ್ಡು ಕಟ್ಟಿಕೊಂಡು ಬದುಕಿದ ರೈತರಲ್ಲಿ, ಹಿಂದಿನ ಕಾಲದಲ್ಲಿ ಒಂದು ಕಟ್ಟಳೆ ಇತ್ತು. ಒಡ್ಡಿನ ಇಂತಿಷ್ಟು ಮಾರು ಇಂಥವನ ಜಮೀನಿಗೆ ಸೇರಿದ್ದು ಎಂದು ಹಂಚಿಕೆಯಾಗಿರುತ್ತಿತ್ತು. ತನ್ನ ಪಾಲಿನ ಒಡ್ಡನ್ನು ದುರಸ್ತಿಯಲ್ಲಿಡಲಾರದವನು ತನ್ನ ಸಲಿಕೆಯನ್ನು ಆ ಒಡ್ಡಿನಲ್ಲಿ ನೆಟ್ಟು ಜಮೀನು ಬಿಟ್ಟು ಹೋಗಬೇಕು. ಆ ಸಲಿಕೆಯನ್ನು ಕಿತ್ತವನಿಗೆ ಜಮೀನೂ ಸೇರುತ್ತಿತ್ತು, ಒಡ್ಡಿನ ಹೊಣೆಯೂ ಸೇರುತ್ತಿತ್ತು. ಬಡವನ ಮೇಲೆ ಈ ಕಟ್ಟಳೆ ಕಠೋರವಾಗಿ ಬಿದ್ದಿರಬೇಕು, ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಅದರ ಹಿಂದಿನ ತಿಳಿವಳಿಕೆ ಸ್ಪಷ್ಟವಾಗಿದೆ: ನೂರು ಎಕರೆಯವನ ಪಾಲಿನಲ್ಲಿ ಒಡ್ಡು ಬಿರಿದರೂ, ಒಂದು ಎಕರೆಯವನ ಪಾಲಿನಲ್ಲಿ ಬಿರಿದರೂ ನೀರು ನುಗ್ಗುವುದು ಇಬ್ಬರ ಹೊಲಕ್ಕೂ, ಮತ್ತು ಹೆಚ್ಚು ನೆಲ ಇರುವವನ ಪಾಲಿಗೆ ಹೆಚ್ಚು ಒಡ್ಡು ಬರುವುದು ನ್ಯಾಯ.

ನಿಮ್ಮ ಪಾಲಿನ ಒಡ್ಡು ಮೊದಲಿಗೆ ನಿಮ್ಮ ಕಾರ್ಖಾನೆಯೇ. ಅಲ್ಲಿ ದುಡಿಯುವವರಿಗೆ ಬದುಕಲು ಸಾಕಾಗುವ ಕೂಲಿ, ಕಾಯಿಲೆ ಬಿದ್ದರೆ ಕೆಲಸ ಹೋಗದೆಂಬ ಭರವಸೆ, ಹೊರಬಿಡುವ ನೀರು ಕೆಳಗಿನ ಊರಿನವರು ಕುಡಿಯಬಹುದಾದಷ್ಟು ಶುದ್ಧ, ಕೊಡಬೇಕಾದ ತೆರಿಗೆ ಪೂರ್ತಿ. ಸ್ವೀಡನ್ನಿನಲ್ಲಿ 1931ರಲ್ಲಿ ಓಡಾಲೆನ್ ಎಂಬಲ್ಲಿ ಮುಷ್ಕರದ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿ ಐವರು ಸತ್ತರು. ಆ ದೇಶ ಎತ್ತ ಬೇಕಾದರೂ ವಾಲಬಹುದಾಗಿದ್ದ ಕಾಲ ಅದು. 1938ರಲ್ಲಿ ಸಾಲ್ಟ್‌ಶೋಬಾಡೆನ್‌ನಲ್ಲಿ ಮಾಲೀಕರ ಒಕ್ಕೂಟವೂ ಕಾರ್ಮಿಕರ ಒಕ್ಕೂಟವೂ ಕೂತು, ತಕರಾರು ಬಂದರೆ ಹೇಗೆ ಮಾತಾಡಿ ಬಗೆಹರಿಸಿಕೊಳ್ಳಬೇಕು ಎಂಬ ಒಪ್ಪಂದಕ್ಕೆ ಸಹಿ ಹಾಕಿದವು. ಕೈಗೆ ಬಂದದ್ದೆಲ್ಲ ತಮ್ಮದೇ ಎಂಬ ಹಟವನ್ನು ಮಾಲೀಕರು ಸಡಿಲಿಸಿದ್ದು ಸಿಹಿಮನಸ್ಸಿನಿಂದ ಮಾತ್ರವಲ್ಲದೆ ಹೆದರಿಕೆಯಿಂದಲೂ ಇರಬಹುದು. ಇರಲಿ, ಹೆದರಿಕೆಯಿಂದ ಮಾಡಿದ ಒಳ್ಳೆಯ ಕೆಲಸವೂ ಒಳ್ಳೆಯ ಕೆಲಸವೇ. ನಿಮ್ಮ ಸರೀಕರಿಗೂ ಹೆದರಿಕೆ ಇದೆ. ಅದನ್ನು ಯಾವ ಕಡೆ ತಿರುಗಿಸುತ್ತಾರೆ ಎಂಬುದಷ್ಟೇ ಪ್ರಶ್ನೆ. ಮುಂದಿನ ಸಲ ಅವರು ಸೇರಿದಾಗ ಬಂಕರಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ನೀವು ಕೇಳಿದ ಪ್ರಶ್ನೆಯನ್ನೇ ಅವರೆದುರು ಕೇಳಿ. ನಿಮ್ಮ ಬಾಯಿಂದ ಬಂದರೆ ಅದಕ್ಕೆ ಇರುವ ತೂಕ ನನ್ನ ಬರಹಕ್ಕೆ ಬಾರದು.

ಪ್ರಶ್ನೆ: ಕುಸಿತವನ್ನು ತಡೆಯುವ ಕೆಲಸವನ್ನು ಸಿರಿವಂತರ ಕೈಗೆ ಒಪ್ಪಿಸುವುದೇ ತಪ್ಪಲ್ಲವೇ? ಅಸಮಾನತೆಯಿಂದಲೇ ಸಮಾಜ ಬಿರುಕು ಬಿಡುತ್ತಿರುವಾಗ ಅದರ ಲಾಭ ಪಡೆದವರನ್ನು ರಕ್ಷಕರೆಂದು ಕರೆಯುವುದು ಹೇಗೆ? ಅವರ ದಾನ ಬೇಡ, ತೆರಿಗೆ ಸಾಕು.
(ಒಬ್ಬ ಅಧ್ಯಾಪಕಿ)

ಉತ್ತರ: ತೆರಿಗೆ ಮೊದಲು, ದಾನ ಆಮೇಲೆ ಎಂಬುದನ್ನು ನಾನೂ ಒಪ್ಪುತ್ತೇನೆ, ಮೇಡಂ. 1787ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಹಣಕಾಸು ಮುಖ್ಯಸ್ಥ ಕಲೋನ್, ಗಣ್ಯರ ಸಭೆಯೊಂದನ್ನು ಕರೆದು, ಶ್ರೀಮಂತ ಮನೆತನಗಳಿಗೂ ವಿನಾಯಿತಿ ಇಲ್ಲದ ಭೂ ತೆರಿಗೆಯೊಂದನ್ನು ಮುಂದಿಟ್ಟರು. ಬೊಕ್ಕಸ ಬರಿದಾಗಿತ್ತು, ಹೊರೆಯೆಲ್ಲ ಇಲ್ಲದವರ ಮೇಲಿತ್ತು. ಗಣ್ಯರು ಒಪ್ಪಲಿಲ್ಲ, ಕಲೋನ್ ಹುದ್ದೆ ಕಳೆದುಕೊಂಡರು. ಎರಡೂವರೆ ವರ್ಷದ ಬಳಿಕ, 1789ರ ಆಗಸ್ಟ್ 4ರ ರಾತ್ರಿ, ಹಳ್ಳಿಗಳಲ್ಲಿ ಕೋಟೆಮನೆಗಳು ಹೊತ್ತಿ ಉರಿಯುತ್ತಿದ್ದಾಗ, ಅಂಥದೇ ಮನೆತನದವರು ಒಬ್ಬರ ಹಿಂದೊಬ್ಬರು ಎದ್ದು ನಿಂತು ತಮ್ಮ ವಿನಾಯಿತಿಗಳನ್ನೆಲ್ಲ ಬಿಟ್ಟುಕೊಟ್ಟರು. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಮೊದಲನೆಯ ಸಭೆಯಲ್ಲಿಯೇ ಅವರು ತೆರಿಗೆಗೆ ಒಪ್ಪಿದ್ದರೆ ಇತಿಹಾಸ ಬೇರೆಯಾಗುತ್ತಿತ್ತೆಂದು ಖಚಿತವಾಗಿ ಹೇಳಲಾಗದು, ಆದರೆ ಬೇರೆಯಾಗುವ ಅವಕಾಶವಾದರೂ ಇರುತ್ತಿತ್ತು.

ಹೀಗಿದ್ದೂ ಸಿರಿವಂತರ ಹಣವನ್ನು ಪೂರ್ತಿಯಾಗಿ ದೂರವಿಡಲು ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಸರ್ಕಾರಗಳು ಒಂದರ ಮುಖ ಒಂದು ನೋಡಿಕೊಂಡು ಕೂತಿರುವ ಕಡೆ ಖಾಸಗಿ ಹಣ ಮೊದಲ ಹೆಜ್ಜೆ ಇಡಬಲ್ಲದು. 2006ರಲ್ಲಿ ಹೂಡಿಕೆದಾರ ವಾರನ್ ಬಫೆಟ್ 5 ಕೋಟಿ ಡಾಲರ್ ಕೊಡುವುದಾಗಿ ಹೇಳಿದರು. ಉದ್ದೇಶ ಯುರೇನಿಯಂ ಬ್ಯಾಂಕು: ಅಣುವಿದ್ಯುತ್ ಬೇಕಾದ ದೇಶಕ್ಕೆ ಇಂಧನ ಸಿಗುವ ಬೇರೆ ದಾರಿಗಳೆಲ್ಲ ಮುಚ್ಚಿಹೋದರೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ತನ್ನ ದಾಸ್ತಾನಿನಿಂದ ಕೊಡುತ್ತದೆ, ಆಗ ಬಾಂಬಿಗೂ ದಾರಿಯಾಗಬಲ್ಲ ಯುರೇನಿಯಂ ಸಂವರ್ಧನೆಯನ್ನು ಪ್ರತಿ ದೇಶವೂ ತಾನೇ ಕಲಿಯುವ ಅಗತ್ಯ ಕಡಿಮೆಯಾಗುತ್ತದೆ. ಬಫೆಟ್ ಒಂದು ಷರತ್ತು ಹಾಕಿದ್ದರು: ದೇಶಗಳು ಸೇರಿ 10 ಕೋಟಿ ಡಾಲರ್ ಕೂಡಿಸಬೇಕು. ಅಮೆರಿಕ, ಐರೋಪ್ಯ ಒಕ್ಕೂಟ, ನಾರ್ವೆ, ಕುವೈತ್, ಯುಎಇ ಕೂಡಿಸಿದವು. 2019ರಲ್ಲಿ ಕಜಾಕ್‌ಸ್ತಾನದ ಆ ಉಗ್ರಾಣಕ್ಕೆ ಯುರೇನಿಯಂ ಬಂದು ಸೇರಿತು. ಅದರ ಕೀಲಿ ಬಫೆಟ್ ಅವರ ಕೈಯಲ್ಲಿಲ್ಲ, ಎಲ್ಲ ದೇಶಗಳಿಗೂ ಉತ್ತರ ಹೇಳಬೇಕಾದ ಸಂಸ್ಥೆಯ ಕೈಯಲ್ಲಿದೆ. ನಾನು ಒಪ್ಪುವುದು ಈ ಬಗೆಯ ಕೊಡುಗೆಯನ್ನು.

ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿಯವರ ಬದುಕಿನಲ್ಲಿ ನಿಮ್ಮ ಮಾತೂ ನನ್ನ ಮಾತೂ ಒಟ್ಟಿಗೆ ಕಾಣುತ್ತವೆ. ಅವರು ಎರಡೂವರೆ ಸಾವಿರದಷ್ಟು ಸಾರ್ವಜನಿಕ ಗ್ರಂಥಾಲಯಗಳಿಗೆ ಕಟ್ಟಡ ಕೊಟ್ಟರು. ಊರಿನವರು ನಿವೇಶನ ಕೊಡಬೇಕು, ಪ್ರತಿ ವರ್ಷ ಕೊಡುಗೆಯ ಶೇ 10ರಷ್ಟು ಹಣವನ್ನು ಊರಿನ ಬೊಕ್ಕಸದಿಂದ ನಿರ್ವಹಣೆಗೆ ತೆಗೆದಿಡಬೇಕು ಎಂಬುದು ಅವರ ಸಾಮಾನ್ಯ ಷರತ್ತು. ಹಾಗಾಗಿ ಅವು ಊರಿನವರದೇ ಆದವು, ಇಂದಿಗೂ ಎಷ್ಟೋ ಉಳಿದಿವೆ. ಅದೇ ಕಾರ್ನೆಗಿಯವರ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯಲ್ಲಿ 1892ರಲ್ಲಿ ಕೂಲಿ ಕಡಿತದ ವಿರುದ್ಧ ಕಾರ್ಮಿಕರು ನಿಂತಾಗ, ಆಡಳಿತ ಖಾಸಗಿ ಸಶಸ್ತ್ರ ಕಾವಲಿನವರನ್ನು ಕರೆಸಿ, ಎರಡೂ ಕಡೆ ಜನ ಸತ್ತರು. ಗ್ರಂಥಾಲಯದ ಪುಸ್ತಕ ಓದಲು ದಿನಕ್ಕೆ ಹನ್ನೆರಡು ಗಂಟೆ ದುಡಿದು ಬಂದವನಿಗೆ ಹೊತ್ತೆಲ್ಲಿತ್ತು? ಕೂಲಿಯಲ್ಲಿ ಹಿಡಿದದ್ದನ್ನು ದಾನದಲ್ಲಿ ಕೊಟ್ಟರೆ ಲೆಕ್ಕ ಸರಿಹೋಗುವುದಿಲ್ಲ. ಈ ಮಾತನ್ನು ಮೇಲಿನ ಕಾರ್ಖಾನೆಯ ಓದುಗರಿಗೂ ಹೇಳಿದ್ದೇನೆ.

ಪ್ರಶ್ನೆ: ನಾನು ಸಿರಿವಂತಳಲ್ಲ. ಬಂಕರೂ ಇಲ್ಲ, ಕೋಟಿಗಟ್ಟಲೆ ದಾನ ಮಾಡುವ ಶಕ್ತಿಯೂ ಇಲ್ಲ. ಒಬ್ಬಳೇ ಇರುತ್ತೇನೆ. ನನ್ನಂಥವರು ಏನು ಮಾಡಬೇಕು?
(ನಿವೃತ್ತ ಉದ್ಯೋಗಿ)

ಉತ್ತರ: ಒಂದು ವಾರಕ್ಕೆ ಸಾಕಾಗುವ ಕುಡಿಯುವ ನೀರು, ಬೇಯಿಸದೆ ತಿನ್ನಬಹುದಾದ ಆಹಾರ, ದಿನವೂ ತೆಗೆದುಕೊಳ್ಳುವ ಮಾತ್ರೆ, ಟಾರ್ಚು, ಬ್ಯಾಟರಿಯ ರೇಡಿಯೊ ಇವಿಷ್ಟನ್ನು ಒಂದು ಕಡೆ ಇಟ್ಟುಕೊಳ್ಳಿ. ಸ್ವೀಡನ್ ಸರ್ಕಾರ ಮನೆಮನೆಗೂ ಕಳುಹಿಸಿದ ಕಿರುಹೊತ್ತಗೆಯಲ್ಲಿಯೂ ಹೆಚ್ಚು ಕಡಿಮೆ ಇದೇ ಸಲಹೆ ಇದೆ.

ಒಬ್ಬಳೇ ಇರುತ್ತೇನೆ ಎಂದಿದ್ದೀರಿ, ಆದ್ದರಿಂದ ಇನ್ನೊಂದು ಮಾತು. 1995ರ ಜುಲೈನಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ವಾರದೊಳಗೆ ಬಿಸಿಲಿನ ಝಳಕ್ಕೆ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಮಂದಿ ಮುಚ್ಚಿದ ಕೋಣೆಗಳಲ್ಲಿ ಒಂಟಿಯಾಗಿದ್ದ ವೃದ್ಧರು. ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಸಮಾಜಶಾಸ್ತ್ರಜ್ಞರು ಹೋಲಿಸಿ ನೋಡಿದಾಗ, ಬಿಸಿಲು ಒಂದೇ, ಬಡತನವೂ ಹೆಚ್ಚು ಕಡಿಮೆ ಒಂದೇ ಆಗಿದ್ದರೂ ಒಂದರಲ್ಲಿ ಸತ್ತವರ ಪ್ರಮಾಣ ಇನ್ನೊಂದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಕಡಿಮೆ ಸತ್ತ ಬಡಾವಣೆಯ ಬೀದಿಗಳಲ್ಲಿ ಅಂಗಡಿಗಳಿದ್ದವು, ಜನರ ಓಡಾಟವಿತ್ತು, ವಯಸ್ಸಾದವರು ಧೈರ್ಯವಾಗಿ ಮನೆಯಿಂದ ಹೊರಬರುತ್ತಿದ್ದರು. ಬಾರದವರ ಬಾಗಿಲನ್ನು ತಟ್ಟಿ ನೋಡುವವರೂ ಇದ್ದರು. ನಿಮ್ಮ ಬೀದಿಯಲ್ಲಿ ನಿಮ್ಮಂತೆಯೇ ಒಂಟಿಯಾಗಿರುವವರು ಯಾರು ಯಾರು ಎಂದು ಈ ವಾರವೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಅವರ ಫೋನ್ ಸಂಖ್ಯೆ ಪಡೆಯಿರಿ, ನಿಮ್ಮದನ್ನು ಕೊಡಿ. ನಿಮ್ಮ ಮನೆಯ ಇನ್ನೊಂದು ಬೀಗದ ಕೈಯನ್ನು ಅವರಲ್ಲಿ ಒಬ್ಬರ ಬಳಿ ಇಟ್ಟಿರಿ.